ಪಕ್ಕದ ಗಾಡಿಯ ಮಾತು ಕೇಳಿಸ್ತಿಲ್ವಾ? ವಿ2ವಿ ಕೈಕೊಟ್ಟಾಗ ಎಲ್ಲಿಂದ ಹುಡುಕಬೇಕು

ಗಾಡಿಗಳು ಒಂದಕ್ಕೊಂದು ನೇರವಾಗಿ ರೇಡಿಯೊದಲ್ಲಿ ಮಾತಾಡುವುದಕ್ಕೆ ವಿ2ವಿ ಅಂತ ಹೆಸರು. ಈ ಸೌಲಭ್ಯ ಇರುವ ಪ್ರತಿ ಗಾಡಿಯಲ್ಲೂ ಓಬಿಯು ಅನ್ನುವ ಒಂದು ಡಬ್ಬ ಇರುತ್ತದೆ. ‘ನಾನು ಇಲ್ಲಿದ್ದೇನೆ, ಇಷ್ಟು ವೇಗ, ಈ ಕಡೆ ಮುಖ, ಬ್ರೇಕ್ ಒತ್ತಿದ್ದೇನೆ’ ಅಂತ ಅದು ಸೆಕೆಂಡಿಗೆ 10 ಸಲ ಸುತ್ತಲಿನವರಿಗೆಲ್ಲ ಕೂಗಿ ಹೇಳುತ್ತದೆ. ಮಧ್ಯೆ ಟವರ್ ಇಲ್ಲ, ಸಿಮ್ ಬೇಕಿಲ್ಲ. ಮುಂದಿನ ಲಾರಿಯ ಆಚೆ ಯಾರೋ ಗಕ್ಕನೆ ಬ್ರೇಕ್ ಹಾಕಿದರೆ, ನಿಮ್ಮ ಕಣ್ಣಿಗೆ ಬೀಳುವ ಮೊದಲೇ ಡಬ್ಬಕ್ಕೆ ಗೊತ್ತಾಗಬೇಕು.

ಬೆಂಗಳೂರಲ್ಲಿ ಕೂತು ಅಮೆರಿಕ, ಯುರೋಪಿನ ಗಾಡಿಗಳಿಗೆ ಈ ಸಾಫ್ಟ್‌ವೇರ್ ಬರೆಯುವವರು, ಟೆಸ್ಟ್ ಮಾಡುವವರು ತುಂಬ ಜನ ಇದ್ದಾರೆ. ನಾನೂ ಅವರಲ್ಲೊಬ್ಬ. ಟೀಮಿಗೆ ಹೊಸದಾಗಿ ಬಂದವರು ಫೋನ್ ಮಾಡಿ ಹೇಳುವ ದೂರುಗಳನ್ನೇ ಇಲ್ಲಿ ತಲೆಬರಹ ಮಾಡಿದ್ದೇನೆ. ಕಾಸು ಖರ್ಚಿಲ್ಲದ ಪರೀಕ್ಷೆ ಮೊದಲು, ತಲೆನೋವಿನದ್ದು ಆಮೇಲೆ.

ಕೈ ಹಾಕುವ ಮುಂಚೆ

ಗಾಡಿ ಓಡಿಸುವವರು ಲ್ಯಾಪ್‌ಟಾಪ್ ನೋಡುವ ಹಾಗಿಲ್ಲ. ಪಕ್ಕದ ಸೀಟಲ್ಲಿ ಇನ್ನೊಬ್ಬರು ಇರಲೇಬೇಕು. ಗಕ್ಕನೆ ಬ್ರೇಕ್ ಹಾಕುವ ಪರೀಕ್ಷೆ ಮುಚ್ಚಿದ ಟ್ರ್ಯಾಕಿನಲ್ಲಿ ಮಾತ್ರ. ರಾತ್ರಿ 11 ಗಂಟೆಗೆ ರಿಂಗ್ ರೋಡ್ ಖಾಲಿ ಇದೆ ಅನ್ನುವುದು ಸಬೂಬು ಅಷ್ಟೇ.

ಡಬ್ಬ ಪ್ರಸಾರ ಮಾಡುತ್ತಿರುವಾಗ ಆಂಟೆನಾ ಬಿಚ್ಚಬೇಡಿ, ಒಳಗಿನ ಆಂಪ್ಲಿಫೈಯರ್ ಸುಟ್ಟುಹೋಗಬಹುದು. ಟೇಬಲ್ ಮೇಲೆ ಎರಡು ಡಬ್ಬಗಳನ್ನು ಬರೀ ಕೇಬಲ್ ಹಾಕಿ ಜೋಡಿಸುವುದೂ ಬೇಡ. ಮಧ್ಯೆ 60ರಿಂದ 80 ಡಿಬಿ (ಡೆಸಿಬಲ್, ಸಿಗ್ನಲ್ ಏರಿಳಿತದ ಅಳತೆ) ಅಟೆನುಯೇಟರ್, ಅಂದರೆ ಸಿಗ್ನಲ್ ಕುಗ್ಗಿಸುವ ಬಿಡಿಭಾಗ, ಇರಲಿ. ಇನ್ನೊಂದು ವಿಷಯ: ವಿ2ವಿ ಬಳಸುವ 5.9 ಗಿಗಾಹರ್ಟ್ಸ್ ತರಂಗಪಟ್ಟಿ ವೈಫೈ ತರಹ ಯಾರು ಬೇಕಾದರೂ ಬಳಸುವಂಥದ್ದಲ್ಲ. ಭಾರತದಲ್ಲಿ ಪ್ರಯೋಗ ಮಾಡುವುದಾದರೆ ದೂರಸಂಪರ್ಕ ಇಲಾಖೆಯ ಪ್ರಾಯೋಗಿಕ ಪರವಾನಗಿ ಕೈಯಲ್ಲಿದೆಯಾ ಅಂತ ಮೊದಲು ಕೇಳಿ. ಇಲ್ಲ ಅಂದರೆ ಲ್ಯಾಬಿನಲ್ಲಿ, ಕೇಬಲ್ ಮೇಲೆ ಮಾತ್ರ.

ಯಾವ ಲೆಕ್ಕ ನೋಡಬೇಕು

‘ಸಾರ್, 90 ಪರ್ಸೆಂಟ್ ಬರ್ತಿದೆ, ಪರವಾಗಿಲ್ಲ ಅಲ್ವಾ?’ ಇದು ನಾನು ಅತಿ ಹೆಚ್ಚು ಕೇಳಿದ ಮಾತು. ಪರವಾಗಿಲ್ಲವೋ ಇಲ್ಲವೋ ಬರೀ ಇಷ್ಟರಿಂದ ಹೇಳೋಕಾಗಲ್ಲ.

ನಮ್ಮೂರಿಗೆ ದಿನಕ್ಕೆ ಹತ್ತು ಬಸ್ ಇದೆ ಅಂದುಕೊಳ್ಳಿ. ಒಂಬತ್ತು ಬಸ್ಸು ಬೆಳಿಗ್ಗೆಯೇ ಒಂದರ ಹಿಂದೊಂದು ಬಂದು ಹೋಗಿ, ಆಮೇಲೆ ಸಂಜೆವರೆಗೂ ಒಂದೂ ಇಲ್ಲ. ಡಿಪೋ ಲೆಕ್ಕದಲ್ಲಿ ಎಲ್ಲ ಸರಿ. ಮಧ್ಯಾಹ್ನ ಸ್ಟಾಪಿನಲ್ಲಿ ನಿಂತವನ ಪಾಡು? ಇಲ್ಲೂ ಅಷ್ಟೇ. ನೂರು ಸೆಕೆಂಡಿನಲ್ಲಿ 1000 ಸಂದೇಶ ಹೋಗಬೇಕು, 100 ಕಳೆದುಹೋಯಿತು. ಅಲ್ಲೊಂದು ಇಲ್ಲೊಂದು ಕಳೆದಿದ್ದರೆ ಯಾರಿಗೂ ಗೊತ್ತೇ ಆಗಲ್ಲ. ಅದರಲ್ಲಿ 20 ಸಾಲಾಗಿ ಕಳೆದರೆ 2 ಸೆಕೆಂಡು ಕಿವುಡು. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಅಷ್ಟು ಹೊತ್ತಿಗೆ ಗಾಡಿ 44 ಮೀಟರ್ ಮುಂದೆ ಹೋಗಿರುತ್ತದೆ. ಆದ್ದರಿಂದ ಸರಾಸರಿ ಬಿಡಿ. ಎರಡು ಸಂದೇಶಗಳ ನಡುವಿನ ಅತಿ ಉದ್ದದ ಮೌನ ಎಷ್ಟು ಅಂತ ಹುಡುಕಿ.

ಆಮೇಲೆ ಮೂರು ಎಣಿಕೆ ಪಕ್ಕಪಕ್ಕ ಇಡಿ. ಕಳಿಸಿದ ಡಬ್ಬ ಎಷ್ಟು ಕಳಿಸಿತು, ಈ ಕಡೆಯ ರೇಡಿಯೊಗೆ ಎಷ್ಟು ಸಿಕ್ಕಿತು, ಅದರಲ್ಲಿ ಚಾಲಕರಿಗೆ ಎಚ್ಚರಿಕೆ ಕೊಡುವ ಆ್ಯಪ್‌ಗೆ ಎಷ್ಟು ತಲುಪಿತು. ಅಮೆರಿಕದ ಸಂದೇಶದಲ್ಲಿ 0ಯಿಂದ 127ರವರೆಗೆ ಸುತ್ತುವ ಕ್ರಮಸಂಖ್ಯೆ ಇರುತ್ತದೆ. ಯಾವುದು ತಪ್ಪಿತು ಅಂತ ಅದರಲ್ಲೇ ಗೊತ್ತಾಗುತ್ತದೆ. ಹೊರಡಲೇ ಇಲ್ಲವೋ, ದಾರಿಯಲ್ಲಿ ಹೋಯಿತೋ, ಬಂದಮೇಲೆ ನಾವೇ ಬಿಸಾಕಿದೆವೋ ಅನ್ನುವುದು ತೀರ್ಮಾನ ಆಗುವವರೆಗೆ ಸ್ಪ್ಯಾನರ್ ಮುಟ್ಟಬೇಡಿ.

“ಒಂದೂ ಸಂದೇಶ ಬರ್ತಿಲ್ಲ”

ಮೊದಲು ಕರೆಂಟು. ಡಬ್ಬ ಎಷ್ಟು ಹೊತ್ತಿನಿಂದ ಆನ್ ಇದೆ ಅಂತ ಲಾಗಿನಲ್ಲಿ (ಡಬ್ಬ ತಾನೇ ಬರೆದಿಡುವ ದಾಖಲೆಯಲ್ಲಿ) ನೋಡಿ. ಗಾಡಿ ಸ್ಟಾರ್ಟ್ ಮಾಡಿದ ಗಳಿಗೆಯಿಂದಲೇ ಎಣಿಕೆ ಶುರುವಾಗಿದ್ದರೆ, ಸ್ಟಾರ್ಟರ್ ಎಳೆದಾಗ ವೋಲ್ಟೇಜ್ ಬಿದ್ದು ಡಬ್ಬ ರೀಬೂಟ್ ಆಗಿದೆ ಅಂತ ಅರ್ಥ. ಸಿಗರೇಟ್ ಲೈಟರ್ ಸಾಕೆಟ್‌ನಿಂದ ಕರೆಂಟು ತೆಗೆದುಕೊಂಡರೆ ಇದು ಮಾಮೂಲಿ.

ಎರಡನೆಯದು, ಎರಡೂ ಡಬ್ಬ ಒಂದೇ ಭಾಷೆ ಮಾತಾಡುತ್ತಿವೆಯಾ? ವೈಫೈ ವಂಶದ 802.11ಪಿ ಒಂದು, ಮೊಬೈಲ್ ವಂಶದ ಸಿ-ವಿ2ಎಕ್ಸ್ ಇನ್ನೊಂದು. ಒಂದಕ್ಕೆ ಇನ್ನೊಂದು ಅರ್ಥವಾಗುವುದಿಲ್ಲ. ಅಮೆರಿಕ 1999ರಲ್ಲಿ ಈ ಕೆಲಸಕ್ಕೆ 75 ಮೆಗಾಹರ್ಟ್ಸ್ ಎತ್ತಿಟ್ಟಿತ್ತು. 2020ರಲ್ಲಿ ಅದರ ಕೆಳಗಿನ 45 ಮೆಗಾಹರ್ಟ್ಸನ್ನು ವೈಫೈಗೆ ಕೊಟ್ಟು, ಉಳಿದ 30 ಮೆಗಾಹರ್ಟ್ಸನ್ನು ಸಿ-ವಿ2ಎಕ್ಸ್ ಕಡೆಗೆ ತಿರುಗಿಸಿತು. ಹಾಗಾಗಿ ಬೀರುವಿನಲ್ಲಿರುವ ಹಳೆಯ ಅಮೆರಿಕದ ಕಿಟ್ 5860 ಮೆಗಾಹರ್ಟ್ಸ್‌ನಲ್ಲಿ ಕೂಗುತ್ತಿರಬಹುದು. ಹೊಸದು 5915ರಲ್ಲಿ ಕಿವಿಗೊಟ್ಟು ಕೂತಿರುತ್ತದೆ. ಯುರೋಪಿನದಾದರೆ 5900. ಇದು ಒಂದು ನಿಮಿಷದ ಪರೀಕ್ಷೆ. ಆದರೂ ಇದಕ್ಕೆ ಒಂದು ಇಡೀ ಮಧ್ಯಾಹ್ನ ಕಳೆದುಕೊಂಡವರನ್ನು ನೋಡಿದ್ದೇನೆ. ಆ ಪೈಕಿ ನಾನೂ ಇದ್ದೆ ಅನ್ನಿ.

ಮೂರನೆಯದು, ಜಿಪಿಎಸ್. ಸಿ-ವಿ2ಎಕ್ಸ್‌ನಲ್ಲಿ ಯಾವ ಗಾಡಿ ಯಾವಾಗ ಮಾತಾಡಬೇಕು ಅನ್ನುವ ತಾಳ ಉಪಗ್ರಹದ ಗಡಿಯಾರದಿಂದಲೇ ಬರುತ್ತದೆ. ತಾಳ ತಪ್ಪಿದರೆ ಡಬ್ಬ ಬಾಯೇ ಬಿಡುವುದಿಲ್ಲ. ಬೇಸ್‌ಮೆಂಟ್ ಪಾರ್ಕಿಂಗಿನಲ್ಲಿ ಟೆಸ್ಟ್ ಮಾಡಿ ‘ರೇಡಿಯೊ ಸತ್ತಿದೆ’ ಅನ್ನಬೇಡಿ. ಗಾಡಿಯನ್ನು ಬಯಲಿಗೆ ತಂದು ಐದು ನಿಮಿಷ ಬಿಡಿ. ಆಗಲೂ ಉಪಗ್ರಹ ಕಾಣಿಸದಿದ್ದರೆ ಜಿಪಿಎಸ್ ಕೇಬಲ್ಲು ರೇಡಿಯೊ ಕಿಂಡಿಗೆ, ರೇಡಿಯೊದ್ದು ಜಿಪಿಎಸ್ ಕಿಂಡಿಗೆ ಹೋಗಿದೆಯಾ ನೋಡಿ. ಎರಡೂ ಒಂದೇ ಬಗೆಯ ಕನೆಕ್ಟರ್ ಆದಾಗ ಇದು ಆಗೇ ಆಗುತ್ತದೆ.

“ಪಕ್ಕದಲ್ಲಿದ್ರೆ ಬರುತ್ತೆ, ಸ್ವಲ್ಪ ದೂರ ಹೋದ್ರೆ ಇಲ್ಲ”

ಹತ್ತಿಪ್ಪತ್ತು ಮೀಟರ್‌ವರೆಗೆ ಚೆನ್ನಾಗಿ ಬಂದು ಆಮೇಲೆ ಕಟ್ ಆದರೆ, ಹತ್ತರಲ್ಲಿ ಒಂಬತ್ತು ಸಲ ತಪ್ಪು ಆಂಟೆನಾ ದಾರಿಯಲ್ಲೇ ಇರುತ್ತದೆ. ಡಬ್ಬ ಬದಲಾಯಿಸಲು ಹೋಗಬೇಡಿ.

ಆಂಟೆನಾ ಬಿಚ್ಚಿ (ಪ್ರಸಾರ ನಿಲ್ಲಿಸಿದ ಮೇಲೆ), ಕನೆಕ್ಟರ್ ಮೂತಿಯನ್ನು ಬೆಳಕಿಗೆ ಹಿಡಿದು ನೋಡಿ. ಎಸ್‌ಎಂಎ ಕನೆಕ್ಟರಿನಲ್ಲಿ ಒಂದು ಕಡೆ ಮಧ್ಯದಲ್ಲಿ ಸೂಜಿಯಂಥ ಪಿನ್, ಇನ್ನೊಂದು ಕಡೆ ಅದು ಕೂರುವ ತೂತು. ವೈಫೈ ರೂಟರಿನ ಆಂಟೆನಾಗಳಲ್ಲಿ ಬರುವ ಆರ್‌ಪಿ-ಎಸ್‌ಎಂಎ ನೋಡಲು ಹಾಗೇ ಇರುತ್ತದೆ, ತಿರುಪೂ ಸರಿಯಾಗಿ ಹತ್ತುತ್ತದೆ. ಆದರೆ ಪಿನ್ನು ತೂತು ಅದಲುಬದಲು. ಎರಡು ತೂತು ಎದುರುಬದುರು ಆದರೆ ಕೈಗೆ ಗಟ್ಟಿಯಾಗಿ ಕೂತಿದೆ ಅನಿಸುತ್ತದೆ, ಒಳಗೆ ತಂತಿ ಮುಟ್ಟಿಯೇ ಇರುವುದಿಲ್ಲ. ಸೋರಿದ ಸಿಗ್ನಲ್‌ನಲ್ಲೇ ಹತ್ತಿಪ್ಪತ್ತು ಮೀಟರ್ ಓಡುತ್ತಿರುತ್ತದೆ. ಮೋಸ ಹೋಗುವುದು ಅಲ್ಲೇ.

ಪಿನ್ ಸರಿ ಇದ್ದರೆ ಕೇಬಲ್ ನೋಡಿ. ಪೆನ್ ರೀಫಿಲ್ ದಪ್ಪದ ಆರ್‌ಜಿ-174 ಕೇಬಲ್ ಗಾಡಿಯ ಒಳಗೆ ಎಳೆಯೋಕೆ ಸುಲಭ. ಆದರೆ ಈ ತರಂಗದಲ್ಲಿ ಅದು ಮೀಟರಿಗೆ ಸುಮಾರು 3 ಡಿಬಿ ನುಂಗುತ್ತದೆ, ಅಂದರೆ ಮೀಟರಿಗೆ ಅರ್ಧಕ್ಕರ್ಧ. ಎರಡು ಮೀಟರ್ ಹಾಕಿದರೆ ಆಂಟೆನಾ ತಲುಪುವುದು ಕಾಲು ಭಾಗ. ಬಟಾಬಯಲಲ್ಲೇ 6 ಡಿಬಿ ಹೋದರೆ ತಲುಪುವ ದೂರ ಅರ್ಧ ಆಗುತ್ತದೆ. ಉಳಿದ ಕೇಬಲ್ಲನ್ನು ಸುತ್ತಿ ಸೀಟಿನ ಕೆಳಗೆ ತುರುಕುವ ಅಭ್ಯಾಸ ಬಿಡಿ. ಎಷ್ಟು ಬೇಕೋ ಅಷ್ಟೇ ಉದ್ದದ, ದಪ್ಪ ಕೇಬಲ್ ತರಿಸಿ.

ಮೂರನೆಯ ಅನುಮಾನ, ಆಂಟೆನಾ ಕೂತ ಜಾಗ. ಮ್ಯಾಗ್ನೆಟ್ ಆಂಟೆನಾಕ್ಕೆ ಕೆಳಗೆ ತಗಡಿನ ಚಾವಣಿ ಬೇಕು. ಗಾಜಿನ ಸನ್‌ರೂಫ್ ಮೇಲೆ ಟೇಪ್ ಹಾಕಿ ಅಂಟಿಸಿದರೆ ಅದರ ಹರವೇ ಕೆಡುತ್ತದೆ. ಡ್ಯಾಶ್‌ಬೋರ್ಡ್ ಮೇಲಿಟ್ಟರೆ ಹಿಂದಿನ ಗಾಡಿಗೆ ನಿಮ್ಮ ಇಡೀ ಗಾಡಿಯೇ ಅಡ್ಡ. ಗುರುತು ಹಿಡಿಯೋದು ಸುಲಭ: ಮುಂದಿನವರಿಗೆ ಕೇಳಿಸಿ ಹಿಂದಿನವರಿಗೆ ಕೇಳಿಸದಿದ್ದರೆ ಜಾಗದ ದೋಷ. ನಾಲ್ಕೂ ಕಡೆ ಒಂದೇ ತರಹ ಕುಗ್ಗಿದ್ದರೆ ಕೇಬಲ್, ಕನೆಕ್ಟರ್.

“ಒಂದು ದೂರದಲ್ಲಿ ಸಾಯುತ್ತೆ, ಇನ್ನೂ ಮುಂದೆ ಹೋದ್ರೆ ಬದುಕುತ್ತೆ”

ಇದರ ಕತೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಒಮ್ಮೆ ಟ್ರ್ಯಾಕಿನಲ್ಲಿ ಎರಡು ಕಾರು ಬಿಟ್ಟಿದ್ದೆವು. 60 ಮೀಟರ್ ಅಂತರ, ಚೆನ್ನಾಗಿದೆ. 90ರ ಹತ್ತಿರ ಬಂತು, ಮೌನ. ಆಂಟೆನಾ ಬದಲಾಯಿಸಿದೆವು, ಅದೇ ಕತೆ. ಡಬ್ಬ ಬದಲಾಯಿಸಿದೆವು, ಅದೇ ಕತೆ. ಬೇಜಾರಾಗಿ ಊಟಕ್ಕೆ ಹೊರಟಾಗ ಮುಂದಿನ ಕಾರು ಸುಮ್ನೆ ಹಾಗೇ 150 ಮೀಟರ್ ದಾಟಿತು. ಸ್ಕ್ರೀನಿನಲ್ಲಿ ಸಂದೇಶಗಳು ಬುಳುಬುಳು ಅಂತ ಬರತೊಡಗಿದವು!

ಅದು ದೋಷವೇ ಅಲ್ಲ. ಸಿಗ್ನಲ್ ಎರಡು ದಾರಿಯಲ್ಲಿ ಬರುತ್ತದೆ. ಒಂದು ನೇರ, ಇನ್ನೊಂದು ರಸ್ತೆಗೆ ಬಡಿದು ಪುಟಿದು. ಪುಟಿಯುವಾಗ ಅಲೆ ತಲೆಕೆಳಗಾಗುತ್ತದೆ. ಎರಡು ದಾರಿಯ ಉದ್ದದ ವ್ಯತ್ಯಾಸ ಸರಿಯಾಗಿ ಒಂದು ಅಲೆಯಷ್ಟು ಆದಾಗ ಒಂದು ಏರು, ಇನ್ನೊಂದು ಇಳಿ. ಎರಡೂ ಸೇರಿ ಸೊನ್ನೆ. ಇಲ್ಲಿ ಅಲೆಯ ಉದ್ದ ಸುಮಾರು 5 ಸೆಂಟಿಮೀಟರ್. ಎರಡೂ ಆಂಟೆನಾ 1.5 ಮೀಟರ್ ಎತ್ತರದಲ್ಲಿದ್ದರೆ ಲೆಕ್ಕ ಹೀಗೆ: ಎರಡು ಎತ್ತರಗಳನ್ನು ಗುಣಿಸಿ, ಎರಡರಿಂದ ಗುಣಿಸಿ, ಅಲೆಯ ಉದ್ದದಿಂದ ಭಾಗಿಸಿ. ಬರುವುದು 88 ಮೀಟರ್ ಚಿಲ್ಲರೆ. ಅದರ ಅರ್ಧದಲ್ಲಿ, ಮೂರನೇ ಒಂದರಲ್ಲಿ, ಅಂದರೆ 44, 30 ಮೀಟರಿನ ಆಸುಪಾಸಲ್ಲೂ ಸಿಗ್ನಲ್ ಕುಸಿಯುವ ಸಣ್ಣ ಗುಂಡಿಗಳಿವೆ.

ಗುಂಡಿ ದಾಟಿ ಮುಂದೆ ಹೋದರೆ ಸಿಗ್ನಲ್ ಮತ್ತೆ ಏರುತ್ತದೆ. ಹಾಗಾಗಿ ಬರೀ ಒಂದು ದೂರದಲ್ಲಿ ನಿಂತು ಅಳೆಯಬೇಡಿ. ಒಂದು ಗಾಡಿ ನಿಲ್ಲಿಸಿ, ಇನ್ನೊಂದನ್ನು 10ರಿಂದ 300 ಮೀಟರ್‌ವರೆಗೆ ನಿಧಾನಕ್ಕೆ ಓಡಿಸಿ, ಸಿಗ್ನಲ್ ಬಲದ ಗೆರೆ ಎಳೆಯಿರಿ. ಗುಂಡಿ ಲೆಕ್ಕ ಹಾಕಿದ ಜಾಗದಲ್ಲೇ ಬಂದರೆ ಅದು ಭೌತಶಾಸ್ತ್ರ, ರಿಪೇರಿಗಿಲ್ಲ. ಒಂದು ಆಂಟೆನಾವನ್ನು ಬೇರೆ ಎತ್ತರಕ್ಕಿಟ್ಟರೆ ಗುಂಡಿಯೂ ಜಾಗ ಬದಲಿಸುತ್ತದೆ. ಬೇರೆ ಬೇರೆ ಎತ್ತರದಲ್ಲಿ ಎರಡು ಆಂಟೆನಾ ಇರುವ ಡಬ್ಬಗಳಿಗೆ ಇದರಲ್ಲಿ ಒಂದು ಲಾಭ: ಒಂದು ಗುಂಡಿಗೆ ಬಿದ್ದಾಗ ಇನ್ನೊಂದು ದಡದಲ್ಲಿರುತ್ತದೆ.

“ಲಾರಿ ಅಡ್ಡ ಬಂದ್ರೆ, ಮೂಲೆ ತಿರುಗಿದ್ರೆ ಮಾಯ”

5.9 ಗಿಗಾಹರ್ಟ್ಸ್ ಅಲೆ ಮೂಲೆ ಬಳಸಿ ಬರುವುದರಲ್ಲಿ ಸೋಮಾರಿ. ಮಧ್ಯೆ ಒಂದು ಲಾರಿ ಅಥವಾ ಬಸ್ಸು ನುಗ್ಗಿದರೆ 10ರಿಂದ 20 ಡಿಬಿ ಹೋಗುವುದು ಸಾಮಾನ್ಯ. ಕಟ್ಟಡದ ಮೂಲೆಯಾದರೆ ಇನ್ನೂ ಜಾಸ್ತಿ. ಲಾರಿ ಇದ್ದಾಗ ಮಾತ್ರ ಹೀಗಾದರೆ, ಬಯಲಲ್ಲಿ ಎಲ್ಲ ಸರಿ ಇದ್ದರೆ, ಡಬ್ಬದಲ್ಲಿ ಏನೂ ಕೆಟ್ಟಿಲ್ಲ. ಆದರೆ ಕೇಬಲ್ಲಿನಲ್ಲಿ 6 ಡಿಬಿ ಆಗಲೇ ಕಳೆದುಕೊಂಡವನಿಗೆ ಲಾರಿ ಬಂದಾಗ ಏನೂ ಉಳಿಯುವುದಿಲ್ಲ. ಬಯಲಲ್ಲಿ ‘ಚೆನ್ನಾಗಿದೆ’ ಅನಿಸಿದ ಕೆಟ್ಟ ಕೇಬಲ್ ಸಿಕ್ಕಿಬೀಳುವುದು ಇಲ್ಲೇ. ಚಾಲಕರಿಗೆ ಇದನ್ನು ಬಿಡಿಸಿ ಹೇಳಿ: ಡಬ್ಬ ಸುಮ್ಮನಿದೆ ಅಂದರೆ ಮೂಲೆಯಲ್ಲಿ ಗಾಡಿ ಇಲ್ಲ ಅಂತಲ್ಲ.

“ಸಿಗ್ನಲ್ ಫುಲ್ ಇದೆ, ಆ್ಯಪ್‌ನಲ್ಲಿ ಗಾಡಿನೇ ಕಾಣ್ತಿಲ್ಲ”

ರೇಡಿಯೊ ಎಣಿಕೆ ಏರುತ್ತಿದೆ, ಆ್ಯಪ್ ಎಣಿಕೆ ಸೊನ್ನೆ. ಹಾಗಾದರೆ ಆಂಟೆನಾ ಮುಟ್ಟಲೇಬೇಡಿ. ಸಂದೇಶ ಮನೆ ಬಾಗಿಲಿಗೆ ಬಂದಿದೆ, ಬಾಗಿಲಲ್ಲಿ ಗುರುತಿನ ಚೀಟಿ ಕೇಳಿ ವಾಪಸ್ ಕಳಿಸುತ್ತಿದ್ದೇವೆ.

ಪ್ರತಿ ಸಂದೇಶಕ್ಕೂ ಡಿಜಿಟಲ್ ಸಹಿ ಇರುತ್ತದೆ, ಸಹಿಯ ಹಿಂದೆ ಸರ್ಟಿಫಿಕೇಟ್. ಅಮೆರಿಕದ ವ್ಯವಸ್ಥೆಯಲ್ಲಿ ಗಾಡಿಗೆ ವಾರಕ್ಕೆ 20 ಸರ್ಟಿಫಿಕೇಟ್ ಕೊಡುತ್ತಾರೆ, ಯಾರೂ ಬೆನ್ನು ಹತ್ತಬಾರದು ಅಂತ ಅವನ್ನು ಬದಲಿಸುತ್ತಾ ಹೋಗುತ್ತದೆ. ತಿಂಗಳುಗಟ್ಟಲೆ ಡ್ರಾಯರ್‌ನಲ್ಲಿ ಬಿದ್ದಿದ್ದ ಡಬ್ಬದಲ್ಲಿ ಎಲ್ಲವುಗಳ ಅವಧಿಯೂ ಮುಗಿದಿರಬಹುದು. ಒಂದರಲ್ಲಿ ಪರೀಕ್ಷೆಯ ಸರ್ಟಿಫಿಕೇಟ್, ಇನ್ನೊಂದರಲ್ಲಿ ನಿಜವಾದದ್ದು ಇದ್ದರೂ ಒಂದನ್ನೊಂದು ನಂಬುವುದಿಲ್ಲ. ಲಾಗಿನಲ್ಲಿ ತಿರಸ್ಕಾರದ ಕಾರಣ ಬರೆದಿರುತ್ತದೆ, ಓದಿ.

ಅವಧಿ ಸರಿ ಇದ್ದೂ ‘ಸಂದೇಶ ಹಳೆಯದು’ ಅಥವಾ ‘ಭವಿಷ್ಯದ್ದು’ ಅಂತ ಬಂದರೆ ಗಡಿಯಾರ ನೋಡಿ. ಎರಡು ಡಬ್ಬಗಳ ವ್ಯತ್ಯಾಸ ಎಷ್ಟು ಅನ್ನುವುದೇ ಕಳ್ಳನನ್ನು ತೋರಿಸುತ್ತದೆ. ಸರಿಯಾಗಿ 18 ಸೆಕೆಂಡ್ ಇದ್ದರೆ ಯಾರೋ ಜಿಪಿಎಸ್ ಸಮಯವನ್ನೇ ಯುಟಿಸಿ (ಜಗತ್ತಿನ ಗಡಿಯಾರಗಳಿಗೆಲ್ಲ ಆಧಾರವಾದ ಸಮಯ) ಅಂದುಕೊಂಡಿದ್ದಾರೆ. 2017ರ ಜನವರಿಯಿಂದ ಎರಡರ ಅಂತರ ಅಷ್ಟೇ. ಸರಿಯಾಗಿ 5 ಸೆಕೆಂಡ್ ಇದ್ದರೆ ತಪ್ಪು ಬೇರೆ: ಸಹಿಯ ಗಡಿಯಾರ 2004ರಿಂದ ಎಣಿಸುತ್ತದೆ, ಅಲ್ಲಿಂದೀಚೆಗೆ ಯುಟಿಸಿಗೆ ಸೇರಿದ 5 ಲೀಪ್ ಸೆಕೆಂಡ್‌ಗಳನ್ನು (ಭೂಮಿಯ ತಿರುಗಾಟಕ್ಕೆ ಹೊಂದಿಸಲು ಸೇರಿಸುವ ಹೆಚ್ಚುವರಿ ಸೆಕೆಂಡ್) ಯಾರೋ ಮರೆತಿದ್ದಾರೆ. ಈ ಎರಡು ಅಂಕಿ ನೆನಪಿಟ್ಟುಕೊಂಡರೆ ಎರಡು ದಿನ ಉಳಿಯುತ್ತದೆ.

ಇನ್ನೊಂದು ಸೂಕ್ಷ್ಮ ಇದೆ. ಪೂರ್ತಿ ಸರ್ಟಿಫಿಕೇಟ್ ಪ್ರತಿ ಸಂದೇಶದಲ್ಲೂ ಬರುವುದಿಲ್ಲ. ಅರ್ಧ ಸೆಕೆಂಡಿಗೆ ಸುಮಾರು ಒಮ್ಮೆ ಬರುತ್ತದೆ, ಮಧ್ಯದವಕ್ಕೆ ಅದರ ಚಿಕ್ಕ ಗುರುತು ಮಾತ್ರ. ಹೊಸದಾಗಿ ಎದುರಾದ ಗಾಡಿಯ ಪೂರ್ತಿ ಸರ್ಟಿಫಿಕೇಟ್ ಇದ್ದ ಸಂದೇಶವೇ ಕಳೆದುಹೋದರೆ, ಉಳಿದವು ಬಂದರೂ ಸಹಿ ನೋಡಲಾಗದೆ ಕಾಯಬೇಕು. ದೂರದಿಂದ ಬರುವ ಗಾಡಿ ರೇಡಿಯೊಗೆ ಬೇಗ, ಆ್ಯಪ್‌ಗೆ ತಡವಾಗಿ ಕಾಣುವುದು ಇದಕ್ಕೇ. ಅರ್ಧ ಒಂದು ಸೆಕೆಂಡ್ ತಡ ಸಹಜ. ಅದಕ್ಕಿಂತ ಜಾಸ್ತಿ ಆದರೆ ದಾರಿಯಲ್ಲಿನ ನಷ್ಟ ಹುಡುಕಿ.

ಹಾಗೇ, ಐದು ನಿಮಿಷಕ್ಕೊಮ್ಮೆ ಒಂದು ಗಾಡಿ ಮಾಯವಾಗಿ ಅದೇ ಜಾಗದಲ್ಲಿ ಹೊಸ ನಂಬರಿನ ಗಾಡಿ ಹುಟ್ಟಿದರೆ ಗಾಬರಿ ಬೇಡ. ಅದು ಗುರುತು ಬದಲಿಸಿಕೊಂಡಿದೆ ಅಷ್ಟೇ.

“ನಾವಿಬ್ರು ಕೇಳಿಸಿಕೊಳ್ಳಲ್ಲ, ಮೂರನೆಯವನಿಗೆ ಇಬ್ಬರೂ ಕೇಳಿಸ್ತೀವಿ”

ಸಿ-ವಿ2ಎಕ್ಸ್‌ನಲ್ಲಿ ಮಾತ್ರ ಕಾಣುವ ವಿಚಿತ್ರ ಇದು. ಮೊದಲ ಸಲ ನೋಡಿದವರಿಗೆ ದೆವ್ವದ ಕಾಟ ಅನಿಸುತ್ತದೆ. ಡಬ್ಬ ಮಾತಾಡುವಾಗ ಅದಕ್ಕೆ ಕಿವಿ ಕೇಳಿಸುವುದಿಲ್ಲ. ಎರಡು ಗಾಡಿ ಒಂದೇ ಮಿಲಿಸೆಕೆಂಡನ್ನು ಆರಿಸಿಕೊಂಡರೆ ಇಬ್ಬರೂ ಒಟ್ಟಿಗೆ ಮಾತಾಡುತ್ತಾರೆ, ಇಬ್ಬರೂ ಕೇಳಿಸಿಕೊಳ್ಳುವುದಿಲ್ಲ. ಬೇರೆ ಬೇರೆ ಉಪಚಾನೆಲ್ (ಚಾನೆಲ್ಲಿನ ತುಂಡು) ಆಗಿದ್ದರೆ ಮೂರನೆಯವನಿಗೆ ಎರಡೂ ಸ್ಪಷ್ಟ. ಒಂದು ಸಲ ಆರಿಸಿದ ಜಾಗವನ್ನು ಕೂಡಲೇ ಬಿಡುವ ಹಾಗೂ ಇಲ್ಲ. 5ರಿಂದ 15 ಸಂದೇಶದವರೆಗೆ ಅಲ್ಲೇ ಇರಬೇಕು, ಆಮೇಲೂ ಅದನ್ನೇ ಮುಂದುವರಿಸಬಹುದು. ಅಂದರೆ ಅರ್ಧದಿಂದ ಒಂದೂವರೆ ಸೆಕೆಂಡು, ಕೆಲವು ಸಲ ಇನ್ನೂ ಉದ್ದದ ಮೌನ.

ಗುರುತು: ಸಿಗ್ನಲ್ ಬಲವಾಗಿದೆ, ಮೌನ ಕತ್ತರಿಸಿದ ಹಾಗೆ ಶುರುವಾಗಿ ಕತ್ತರಿಸಿದ ಹಾಗೆ ಮುಗಿಯುತ್ತದೆ. ಆಂಟೆನಾ ದೋಷವಾದರೆ ನಷ್ಟ ನಿಧಾನಕ್ಕೆ ಏರಿ ಇಳಿಯುತ್ತದೆ. ಖಚಿತ ಮಾಡಿಕೊಳ್ಳಲು ಮೂರನೆಯ ಡಬ್ಬ ಬೇಕು, ಎರಡರಲ್ಲಿ ಪತ್ತೆ ಆಗುವುದಿಲ್ಲ. ನಡುನಡುವೆ ಒಂದು ಸಂದೇಶವನ್ನು ಬೇರೆ ಜಾಗದಲ್ಲಿ ಕಳಿಸುವ ‘ಒನ್ ಶಾಟ್’ ಸೌಲಭ್ಯ ನಿಮ್ಮ ಸಾಫ್ಟ್‌ವೇರಿನಲ್ಲಿ ಇದ್ದರೆ ಆನ್ ಇದೆಯಾ ನೋಡಿ.

“ಗಾಡಿ ಜಾಸ್ತಿ ಆದಾಗ ಕಮ್ಮಿ ಬರುತ್ತೆ”

ಮೊದಲು, ಕಮ್ಮಿ ಬರುತ್ತಿದೆಯೋ, ಕಮ್ಮಿ ಕಳಿಸುತ್ತಿದೆಯೋ? ಜನ ಜಾಸ್ತಿ ಆದಾಗ ಎಲ್ಲರೂ ಸ್ವಲ್ಪ ಬಾಯಿ ಕಟ್ಟಬೇಕು ಅಂತ ನಿಯಮವೇ ಇದೆ. ಅಮೆರಿಕದ ನಿಯಮದಲ್ಲಿ ಅಂತರ 100 ಮಿಲಿಸೆಕೆಂಡಿನಿಂದ 600ರವರೆಗೆ ಹಿಗ್ಗಬಹುದು. ಯುರೋಪಿನಲ್ಲಿ ನಿಂತ ಗಾಡಿ ಸೆಕೆಂಡಿಗೆ ಒಮ್ಮೆ ಕಳಿಸಿದರೆ ಸಾಕು. 4 ಮೀಟರ್ ಸರಿದರೆ, 4 ಡಿಗ್ರಿ ತಿರುಗಿದರೆ ಬೇಗ ಕಳಿಸುತ್ತದೆ. ಇದನ್ನು ದೋಷ ಅಂತ ದೂರು ಕೊಟ್ಟವರು ಕಮ್ಮಿ ಇಲ್ಲ.

ಸುತ್ತ ಗಾಡಿಯೇ ಇಲ್ಲದಿದ್ದರೂ ಚಾನೆಲ್ ಭರ್ತಿ ಅಂತ ತೋರಿಸಿದರೆ ನಿಮ್ಮ ಜೇಬು ನೋಡಿಕೊಳ್ಳಿ. ಲಾಗ್ ಕಳಿಸಲು ಡ್ಯಾಶ್‌ಬೋರ್ಡ್ ಮೇಲಿಟ್ಟ ಫೋನಿನ ಹಾಟ್‌ಸ್ಪಾಟ್ 5.8 ಗಿಗಾಹರ್ಟ್ಸ್‌ನಲ್ಲಿ ಕೂತಿರಬಹುದು, ಅದು ಪಕ್ಕದ ಮನೆಯೇ. 2.4ಕ್ಕೆ ಬದಲಿಸಿ ನೋಡಿ. ಟೋಲ್ ಗೇಟಿನ ಮೇಲೆ ಅನುಮಾನ ಬಂದರೆ, ಯುರೋಪಿನಲ್ಲಾದರೆ ಸರಿ, ಅಲ್ಲಿ ಟೋಲ್ ಓದುವುದು 5.8ರಲ್ಲಿ. ನಮ್ಮ ಫಾಸ್ಟ್ಯಾಗ್ ಕೆಲಸ ಮಾಡುವುದು 865ರಿಂದ 867 ಮೆಗಾಹರ್ಟ್ಸ್‌ನಲ್ಲಿ, ಪಾಪ ಅದರ ತಪ್ಪಿಲ್ಲ.

“ಸ್ಪೀಡ್ ಜಾಸ್ತಿ ಆದ್ರೆ ಹೋಗುತ್ತೆ”

ಎಲ್ಲರ ಬಾಯಲ್ಲೂ ಡಾಪ್ಲರ್, ಅಂದರೆ ಗಾಡಿ ಓಡುವುದರಿಂದ ಅಲೆಯ ಕಂಪನ ಬದಲಾಗುವುದು. ಎದುರುಬದುರು ಸೇರಿ 200 ಕಿಲೋಮೀಟರ್ ವೇಗವಿದ್ದರೂ ಅಲೆ ಸರಿಯುವುದು ಸುಮಾರು 1.1 ಕಿಲೋಹರ್ಟ್ಸ್. 802.11ಪಿಯ ಉಪವಾಹಕಗಳ (ಸಂದೇಶವನ್ನು ಹಂಚಿಕೊಂಡು ಹೊರುವ ಅಲೆಗಳ) ನಡುವೆ 156 ಕಿಲೋಹರ್ಟ್ಸ್ ಜಾಗ ಇದೆ. ಅಷ್ಟರಿಂದ ಏನೂ ಆಗಲ್ಲ. ಉದ್ದ ಸಂದೇಶ ಮಾತ್ರ ಕಳೆದು ಚಿಕ್ಕದು ಬರುತ್ತಿದ್ದರೆ ಯೋಚಿಸಬಹುದು, ಏಕೆಂದರೆ ಶುರುವಿನಲ್ಲಿ ಅಳೆದ ಚಾನೆಲ್ (ಸಿಗ್ನಲ್ ಬರುವ ದಾರಿ) ಕೊನೆ ಬರುವಷ್ಟರಲ್ಲಿ ಬದಲಾಗಿರುತ್ತದೆ. ಅದಕ್ಕೂ ಮುಂಚೆ ಆಂಟೆನಾ ಬುಡ ಅಲ್ಲಾಡಿಸಿ ನೋಡಿ. ವೇಗದಲ್ಲಿ ನಡುಗುವ ಸಡಿಲ ಕನೆಕ್ಟರನ್ನು ಡಾಪ್ಲರ್ ಅಂದವರೇ ಜಾಸ್ತಿ.

“ಎಚ್ಚರಿಕೆ ಬರುತ್ತೆ, ಆದ್ರೆ ಪಕ್ಕದ ಲೇನಿನ ಗಾಡಿಗೆ”

ಇದು ರೇಡಿಯೊ ಕೆಲಸ ಅಲ್ಲ, ಸ್ಥಾನದ ಲೆಕ್ಕ. ಅಮೆರಿಕದ ಸಂದೇಶದಲ್ಲಿ ಹೋಗಬೇಕಾದ್ದು ಗಾಡಿಯ ನಟ್ಟನಡುವಿನ ಸ್ಥಾನ. ಜಿಪಿಎಸ್ ಆಂಟೆನಾ ಹಿಂದಿನ ಚಾವಣಿಯ ಒಂದು ಪಕ್ಕಕ್ಕಿದ್ದರೆ ಆ ಅಂತರವನ್ನು ಸೆಟ್ಟಿಂಗಿನಲ್ಲಿ ತುಂಬಬೇಕು. ಟೇಪ್ ಹಿಡಿದು ಅಳೆಯಿರಿ, ಅಂದಾಜು ಬೇಡ. ಬೇರೆ ಗಾಡಿಯಿಂದ ಬಿಚ್ಚಿ ಹಾಕಿದ ಡಬ್ಬದಲ್ಲಿ ಹಳೆಯ ಗಾಡಿಯ ಉದ್ದ ಅಗಲವೇ ಉಳಿದಿರುವುದು ಮಾಮೂಲಿ.

ಎಲ್ಲಿ ನಿಲ್ಲಿಸಬೇಕು

ಡಬ್ಬ ಕೈಸುಡುವಷ್ಟು ಬಿಸಿಯಾಗಿದ್ದರೆ, ಸುಟ್ಟ ವಾಸನೆ ಬಂದರೆ, ಡಬ್ಬದ ಸರ್ಟಿಫಿಕೇಟೇ ರದ್ದಾಗಿದೆ ಅಂತ ಲಾಗ್ ಹೇಳಿದರೆ, ಗಾಡಿಯ ಬ್ರೇಕ್ ವೈರಿಂಗಿಗೆ ಕೈ ಹಾಕಬೇಕಾದರೆ, ಅಲ್ಲಿಗೆ ಬಿಡಿ. ಸಹಿ ಪರೀಕ್ಷೆಯನ್ನು ಆಫ್ ಮಾಡಿ ‘ಈಗ ಕೆಲಸ ಮಾಡ್ತಿದೆ’ ಅಂತ ಗಾಡಿ ರಸ್ತೆಗೆ ಬಿಡಲೇಬೇಡಿ. ಯಾರು ಬೇಕಾದರೂ ಸುಳ್ಳು ಬ್ರೇಕ್ ಸಂದೇಶ ಕಳಿಸಬಹುದು. ಕೇಬಲ್, ಕನೆಕ್ಟರ್, ಜಾಗ, ಗಡಿಯಾರ ನಾಲ್ಕೂ ಸರಿ ಇದ್ದು, ಬಯಲಲ್ಲಿ 100 ಮೀಟರಿನೊಳಗೆ ಸೆಕೆಂಡು ಮೀರಿದ ಮೌನ ಮತ್ತೆ ಮತ್ತೆ ಬಂದರೆ ಡಬ್ಬ ಮಾಡಿದವರಿಗೆ ಕಳಿಸುವ ಹೊತ್ತು.

ಕಳಿಸುವಾಗ ಎರಡೂ ಗಾಡಿಯ ಪೂರ್ತಿ ಲಾಗ್ ಇರಲಿ, ಒಂದೇ ಕಡೆಯದು ಉಪಯೋಗಕ್ಕಿಲ್ಲ. ಸಾಫ್ಟ್‌ವೇರ್ ಆವೃತ್ತಿ, ಚಾನೆಲ್, ಕೇಬಲ್ ಉದ್ದ ಬರೆಯಿರಿ. ಚಾವಣಿಯ ಒಂದು ಫೋಟೊ ತಪ್ಪದೆ ಸೇರಿಸಿ. ನಮಗೆ ಒಮ್ಮೆ ಮೂರು ಜಿಬಿ ಲಾಗ್ ಜೊತೆ ಒಂದು ಫೋಟೊ ಬಂದಿತ್ತು. ಕ್ಯಾರಿಯರ್ ಮೇಲೆ ಸ್ಟೆಪ್ನಿ ಕಟ್ಟಿದ್ದರು, ಆಂಟೆನಾ ಅದರ ನಡುವಿನ ತೂತಿನಲ್ಲಿ ಕೂತಿತ್ತು. ಲಾಗ್ ತೆರೆಯಲೇ ಇಲ್ಲ.